ಓದಿನ ಹೊರೆಗೆ ಮಿತಿ ಹಾಕಿದವರು: ಹಾಸನ ಸೀಮೆಯ ಕಾಲೇಜುಗಳ ಒಂದು ಚರಿತ್ರೆ

ಒಂದು ಸೆಮಿಸ್ಟರಿನಲ್ಲಿ ವಿದ್ಯಾರ್ಥಿಯು ಎಷ್ಟು ಕೋರ್ಸುಗಳಿಗೆ ಹೆಸರು ನೋಂದಾಯಿಸಬಹುದು, ಕನಿಷ್ಠ ಎಷ್ಟನ್ನು ತೆಗೆದುಕೊಳ್ಳಲೇಬೇಕು, ಈ ಎರಡು ಅಂಕಿಗಳನ್ನು ಗೊತ್ತುಪಡಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಕಾಲೇಜುಗಳಲ್ಲಿ ಬಹುಕಾಲ ಏಳಲೇ ಇಲ್ಲ. ಆಯ್ಕೆಗೆ ಅವಕಾಶವಿಲ್ಲದ ಕಡೆ ಮಿತಿಯ ಅಗತ್ಯವೂ ಇರುವುದಿಲ್ಲ. ಪಠ್ಯಕ್ರಮವು ಮೈಸೂರಿನಿಂದ ಸಿದ್ಧವಾಗಿ ಬರುತ್ತಿತ್ತು; ಇಲ್ಲಿನ ಅಧ್ಯಾಪಕರು ಅದನ್ನು ಪಾಠ ಮಾಡುತ್ತಿದ್ದರು, ವಿದ್ಯಾರ್ಥಿಗಳು ವರ್ಷದ ಕೊನೆಗೆ ಪರೀಕ್ಷೆಗೆ ಕೂರುತ್ತಿದ್ದರು. ಓದಿನ ಹೊರೆಯನ್ನು ಅಳೆಯಬಹುದು, ಹಂಚಬಹುದು, ಅದಕ್ಕೊಂದು ಮೇಲಿನ ಗೆರೆಯನ್ನೂ ಕೆಳಗಿನ ಗೆರೆಯನ್ನೂ ಎಳೆಯಬಹುದು ಎಂಬ ವಿಚಾರವು ಈ ಸೀಮೆಗೆ ಬೇರೆ ಬೇರೆ ಬಾಗಿಲುಗಳಿಂದ, ಬೇರೆ ಬೇರೆ ಕಾಲದಲ್ಲಿ ಬಂದಿತು.

ಮೈಸೂರು ವಿಶ್ವವಿದ್ಯಾನಿಲಯವು 1916ರ ಜುಲೈ 27ರಂದು ಸ್ಥಾಪನೆಗೊಂಡಾಗ ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಕುಲಾಧಿಪತಿಗಳಾದರು, ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳಾದರು. ಅದಕ್ಕೂ ಮುನ್ನ ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಏನನ್ನು ಕಲಿಸಬೇಕು, ಹೇಗೆ ಪರೀಕ್ಷಿಸಬೇಕು ಎಂಬುದು ಸಂಸ್ಥಾನದ ಗಡಿಯಾಚೆ ನಿರ್ಧಾರವಾಗುತ್ತಿತ್ತು. ಆ ಅಧಿಕಾರವನ್ನು ಮೈಸೂರಿಗೆ ತರುವುದು ದಿವಾನ್ ವಿಶ್ವೇಶ್ವರಯ್ಯನವರ ಹಂಬಲವಾಗಿತ್ತು. ಹೊಸ ಸಂಸ್ಥೆಯ ರೂಪರೇಖೆಗೆ ಸಿ. ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಅವರು ಹೊರದೇಶಗಳ ವಿದ್ಯಾಪದ್ಧತಿಗಳನ್ನು ಅಭ್ಯಾಸ ಮಾಡಿ ಕೊಟ್ಟ ವರದಿಗಳು ಆಧಾರವಾದವು. ಆದರೆ ಮದರಾಸಿನಿಂದ ಮೈಸೂರಿಗೆ ಬಂದ ಅಧಿಕಾರವು ಮೈಸೂರಿನ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳ ಪ್ರಾಧ್ಯಾಪಕರ ಸುತ್ತಲೇ ನಿಂತಿತು. ಹಾಸನದ ಕಡೆಯಿಂದ ಪದವಿ ಓದಬಯಸಿದವರು ಊರು ಬಿಟ್ಟು ಹೋಗಬೇಕಾಗಿದ್ದ ಕಾಲ ಅದು; ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಕಾದಂಬರಿಕಾರ ಎಸ್. ಎಲ್. ಭೈರಪ್ಪನವರು ತತ್ತ್ವಶಾಸ್ತ್ರವನ್ನು ಓದಿದ್ದು ಮೈಸೂರಿನಲ್ಲಿ.

ಹಾಸನದಲ್ಲಿ ಸರ್ಕಾರಿ ಕಾಲೇಜು ಬೆಳೆದ ಮೇಲೂ, ತಾಲ್ಲೂಕು ಕೇಂದ್ರಗಳಲ್ಲಿ ಪ್ರಥಮ ದರ್ಜೆ ಕಾಲೇಜುಗಳು ತೆರೆದ ಮೇಲೂ ಈ ರಚನೆ ಬದಲಾಗಲಿಲ್ಲ. ಪ್ರಥಮ ದರ್ಜೆ ಕಾಲೇಜೆಂದರೆ ಪೂರ್ಣ ಪದವಿಯವರೆಗೆ ಕಲಿಸುವ ಕಾಲೇಜು. ಅಲ್ಲಿ ವಿದ್ಯಾರ್ಥಿಯ ಆಯ್ಕೆಯು ಸೇರುವ ದಿನವೇ ಮುಗಿಯುತ್ತಿತ್ತು: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದ ‘ಎಚ್‌ಇಪಿ’ ಆಗಲಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿದ ‘ಪಿಸಿಎಂ’ ಆಗಲಿ ಒಂದು ಸಂಯೋಜನೆಯನ್ನು ಹಿಡಿದರೆ, ಜೊತೆಗೆ ಎರಡು ಭಾಷೆಗಳು ಬಂದರೆ, ಮುಂದಿನ ವರ್ಷಗಳ ಹೊರೆ ನಿಗದಿಯಾದಂತೆಯೇ. ಅದನ್ನು ಹೆಚ್ಚಿಸುವ ದಾರಿ ಇರಲಿಲ್ಲ. ಇಳಿಸಿಕೊಳ್ಳುವ ದಾರಿ ಒಂದೇ, ಅದು ನಪಾಸಾಗುವುದು. ಉಳಿದ ವಿಷಯವನ್ನು ಮುಂದಿನ ವರ್ಷಕ್ಕೆ ಹೊತ್ತುಕೊಂಡು ಹೋಗುವುದಕ್ಕೆ ‘ಕ್ಯಾರಿ ಓವರ್’ ಎಂಬ ಹೆಸರು ಬಂದಿತು, ಅದಕ್ಕೆ ಮಾತ್ರ ವಿಶ್ವವಿದ್ಯಾನಿಲಯವು ಮಿತಿಗಳನ್ನು ಹಾಕುತ್ತಿತ್ತು. ಹೊರೆಯ ಮಿತಿಯು ಮೊದಲು ಕಾಣಿಸಿಕೊಂಡದ್ದು ಸೋತವರ ಮೇಲಿನ ನಿರ್ಬಂಧವಾಗಿ ಎಂಬುದು ಗಮನಿಸಬೇಕಾದ ಸಂಗತಿ. 1960ರಲ್ಲಿ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಮಲೆನಾಡು ತಾಂತ್ರಿಕ ಶಿಕ್ಷಣ ಸಂಘದ ಸಹಭಾಗಿತ್ವದಲ್ಲಿ ಹಾಸನದಲ್ಲಿ ಆರಂಭವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಕೂಡ ಆಗ ಮೈಸೂರಿನ ಅಧೀನದಲ್ಲೇ ಇತ್ತು.

ಬೇರೊಂದು ಕ್ರಮವು ನಾಡಿಗೆ ಬಂದದ್ದು ಕೃಷಿಯ ಮೂಲಕ. 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಕೆ. ಸಿ. ನಾಯಕ್ ಅವರ ಕುಲಪತಿತ್ವದಲ್ಲಿ ಆರಂಭವಾದಾಗ, ಅದು ಅಮೆರಿಕದ ಲ್ಯಾಂಡ್‌ಗ್ರಾಂಟ್ ವಿಶ್ವವಿದ್ಯಾನಿಲಯಗಳ ಮಾದರಿಯನ್ನು ಸ್ವೀಕರಿಸಿತು. ಅವು 1862ರ ಕಾನೂನಿನಂತೆ ಸರ್ಕಾರವು ಕೊಟ್ಟ ಭೂಮಿಯ ಆದಾಯದಿಂದ ಬೆಳೆದು, ಬೋಧನೆ, ಸಂಶೋಧನೆ ಮತ್ತು ರೈತರಿಗೆ ತಿಳಿವಳಿಕೆ ಹಂಚುವ ವಿಸ್ತರಣೆ ಎಂಬ ಮೂರು ಕೆಲಸಗಳನ್ನು ಒಂದೇ ಸೂರಿನಡಿ ತಂದ ಸಂಸ್ಥೆಗಳು. ಬೆಂಗಳೂರಿಗೆ ಟೆನೆಸೀ ವಿಶ್ವವಿದ್ಯಾನಿಲಯದ ನೆರವು ದೊರೆಯಿತು. ಆ ಮಾದರಿಯ ಜೊತೆಯಲ್ಲಿ ಕ್ರೆಡಿಟ್ ಪದ್ಧತಿಯೂ ಬಂದಿತು. ವಾರಕ್ಕೊಂದು ಗಂಟೆಯ ಪಾಠವು ಸೆಮಿಸ್ಟರಿನುದ್ದಕ್ಕೂ ನಡೆದರೆ ಅದು ಒಂದು ಕ್ರೆಡಿಟ್, ವಾರಕ್ಕೊಂದು ಪ್ರಾಯೋಗಿಕ ತರಗತಿಯೂ ಒಂದು ಕ್ರೆಡಿಟ್. ಕೃಷಿ ಕಾಲೇಜಿನ ಪಠ್ಯಪಟ್ಟಿಯಲ್ಲಿ ಕೋರ್ಸಿನ ಹೆಸರಿನ ಮುಂದೆ ‘2+1’ ಎಂದಿದ್ದರೆ ಎರಡು ಪಾಠದ ಕ್ರೆಡಿಟ್, ಒಂದು ಪ್ರಯೋಗದ ಕ್ರೆಡಿಟ್ ಎಂದರ್ಥ. ಈ ಅಳತೆಯ ಹುಟ್ಟಿನ ಹಿಂದೆ ಬೇರೆಯದೇ ಕಾರಣವಿತ್ತು: 1906ರ ಹೊತ್ತಿಗೆ ಅಮೆರಿಕದ ಕಾರ್ನೆಗಿ ಪ್ರತಿಷ್ಠಾನವು ಪ್ರಾಧ್ಯಾಪಕರಿಗೆ ನಿವೃತ್ತಿವೇತನ ಕೊಡಲು ಮುಂದಾದಾಗ, ಯಾವ ಸಂಸ್ಥೆಯನ್ನು ನಿಜವಾದ ಕಾಲೇಜೆಂದು ಪರಿಗಣಿಸಬೇಕೆಂಬ ಪ್ರಶ್ನೆಗೆ ಉತ್ತರವಾಗಿ ಪಾಠದ ಗಂಟೆಗಳ ಲೆಕ್ಕವು ಗಟ್ಟಿಯಾಯಿತು.

ಹಾಸನದ ಹೊರವಲಯದ ಕಾರೇಕೆರೆಯಲ್ಲಿರುವ ಕೃಷಿ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿ ಈ ಕ್ರಮವನ್ನು ಜಿಲ್ಲೆಗೆ ತಂದಿತು. ಅಲ್ಲಿ ಸೆಮಿಸ್ಟರಿನ ಆರಂಭದಲ್ಲಿ ವಿದ್ಯಾರ್ಥಿಯು ಆ ಅವಧಿಯ ಕೋರ್ಸುಗಳನ್ನು ಬರೆದು ನೋಂದಾಯಿಸಬೇಕು, ಅದಕ್ಕೆ ಸಲಹೆಗಾರ ಅಧ್ಯಾಪಕರ ಸಹಿ ಬೇಕು. ಹಿಂದುಳಿದ ವಿದ್ಯಾರ್ಥಿಯು ಹಳೆಯ ಕೋರ್ಸುಗಳನ್ನು ಮತ್ತೆ ತೆಗೆದುಕೊಳ್ಳುವಾಗ ಹೊಸದನ್ನು ಎಷ್ಟು ಸೇರಿಸಿಕೊಳ್ಳಬಹುದು ಎಂಬ ಮಾತು ಮೊದಲು ನಡೆಯುವುದು ಈ ಸಲಹೆಗಾರರ ಮೇಜಿನ ಬಳಿ. ಪಾಠ ಹೇಳುವವರೇ ಅಂಕವನ್ನೂ ಬಹುಮಟ್ಟಿಗೆ ಕೊಡುವುದರಿಂದ, ಆ ಮಾತಿಗೆ ವಿದ್ಯಾರ್ಥಿಯ ನಿಜವಾದ ಪರಿಚಯದ ಬಲವಿರುತ್ತದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ನೇಮಿಸಿದ ಐದನೆಯ ಡೀನ್‌ಗಳ ಸಮಿತಿಯ ಪಠ್ಯಕ್ರಮದಲ್ಲಿ ಕೊನೆಯ ವರ್ಷದ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ‘0+20’ ಎಂದು ನಮೂದಾಗಿರುವುದು ಈ ಪದ್ಧತಿಯ ಅತ್ಯುತ್ತಮ ಗುಣವನ್ನು ತೋರಿಸುತ್ತದೆ. ಹಳ್ಳಿಯಲ್ಲಿ ಉಳಿದು ರೈತರ ಜೊತೆ ಹೊಲಕ್ಕಿಳಿಯುವ ವಿದ್ಯಾರ್ಥಿಯ ಇಡೀ ಸೆಮಿಸ್ಟರು ಆ ಇಪ್ಪತ್ತು ಕ್ರೆಡಿಟ್‌ಗಳಲ್ಲಿ ತುಂಬಿಹೋಗುತ್ತದೆ, ಅದರ ಮೇಲೆ ಮತ್ತೊಂದು ಹೊರೆಯನ್ನು ಹೇರಲಾಗದು. ಆದರೂ ಇಲ್ಲಿನ ಆಯ್ಕೆಯು ಅಮೆರಿಕದಲ್ಲಿದ್ದಷ್ಟು ವಿಶಾಲವಾಗಿರಲಿಲ್ಲ. ಯಾವ ಸೆಮಿಸ್ಟರಿಗೆ ಯಾವ ಕೋರ್ಸು ಎಂಬುದನ್ನು ರಾಷ್ಟ್ರಮಟ್ಟದ ಸಮಿತಿಯು ಬಹುಪಾಲು ಬರೆದಿಟ್ಟಿರುತ್ತದೆ.

ಸಾಮಾನ್ಯ ವಿಶ್ವವಿದ್ಯಾನಿಲಯದಲ್ಲಿ ಕ್ರೆಡಿಟ್‌ಗಳು ನೆಲೆಯೂರಲು 2010ರ ಆಸುಪಾಸಿನವರೆಗೆ ಕಾಯಬೇಕಾಯಿತು. ಆಗ ಮೈಸೂರು ವಿಶ್ವವಿದ್ಯಾನಿಲಯವು ಸ್ನಾತಕೋತ್ತರ ತರಗತಿಗಳಿಗೆ ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಯನ್ನು ತಂದಿತು, ಅದು ಹಾಸನದಲ್ಲಿದ್ದ ಅದರ ಸ್ನಾತಕೋತ್ತರ ಕೇಂದ್ರವಾದ ಹೇಮಗಂಗೋತ್ರಿಗೂ ಅನ್ವಯಿಸಿತು. ಇಲಾಖೆಯ ಕಡ್ಡಾಯ ಕೋರ್ಸುಗಳಿಗೆ ‘ಹಾರ್ಡ್ ಕೋರ್’, ಇಲಾಖೆಯೊಳಗೇ ಆರಿಸಿಕೊಳ್ಳುವವುಗಳಿಗೆ ‘ಸಾಫ್ಟ್ ಕೋರ್’, ಬೇರೆ ಇಲಾಖೆಯಿಂದ ತೆಗೆದುಕೊಳ್ಳುವುದಕ್ಕೆ ‘ಓಪನ್ ಎಲೆಕ್ಟಿವ್’ ಎಂಬ ಹೆಸರುಗಳು ಬಂದವು. ಸ್ನಾತಕೋತ್ತರ ಪದವಿಗೆ ಕನಿಷ್ಠ 76 ಕ್ರೆಡಿಟ್‌ಗಳನ್ನು ಗಳಿಸಬೇಕಿತ್ತು. ಒಂದು ಸೆಮಿಸ್ಟರಿಗೆ ಕನಿಷ್ಠ 18, ಗರಿಷ್ಠ 24 ಕ್ರೆಡಿಟ್‌ಗಳಿಗೆ ನೋಂದಾಯಿಸಬಹುದು ಎಂದು ವಿನಿಯಮಗಳು ಹೇಳಿದವು. ವಿನಿಯಮವೆಂದರೆ ವ್ಯಾಸಂಗ ಮತ್ತು ಪರೀಕ್ಷೆಗಳನ್ನು ಕುರಿತು ವಿಶ್ವವಿದ್ಯಾನಿಲಯವು ಶಾಸನದ ಅಡಿಯಲ್ಲಿ ಮಾಡಿಕೊಳ್ಳುವ ನಿಯಮ.

ಈ ಅಂಕಿಗಳನ್ನು ಕೂಡಿ ನೋಡಿದರೆ ಅವುಗಳ ಹಿಂದಿನ ಯೋಚನೆ ತಿಳಿಯುತ್ತದೆ. ಪ್ರತಿ ಸೆಮಿಸ್ಟರಿನಲ್ಲೂ ಗರಿಷ್ಠ ಹೊರೆಯನ್ನು ಹೊತ್ತ ವಿದ್ಯಾರ್ಥಿಯು ಮೂರು ಸೆಮಿಸ್ಟರುಗಳಲ್ಲಿ 72 ಕ್ರೆಡಿಟ್‌ಗಳನ್ನು ಗಳಿಸಿ, ಪದವಿಗೆ 4 ಕಡಿಮೆಯಾಗಿ ನಿಲ್ಲುತ್ತಾನೆ. ಪ್ರತಿ ಸೆಮಿಸ್ಟರಿನಲ್ಲೂ ಕನಿಷ್ಠ ಹೊರೆಯನ್ನೇ ಆರಿಸಿಕೊಂಡವನು ನಾಲ್ಕು ಸೆಮಿಸ್ಟರುಗಳಲ್ಲಿ ಅದೇ 72ಕ್ಕೆ ಬಂದು ನಿಲ್ಲುತ್ತಾನೆ. ಹೀಗಾಗಿ ಅತಿ ಚುರುಕಾದವನೂ ಎರಡು ವರ್ಷಕ್ಕಿಂತ ಮೊದಲು ಹೊರಹೋಗಲಾರ, ಅತಿ ಹಗುರಾಗಿ ಓದಿದವನು ಎಲ್ಲೋ ಒಂದು ಕಡೆ ಇನ್ನೊಂದು ಕೋರ್ಸನ್ನು ಸೇರಿಸಿಕೊಳ್ಳದೆ ಎರಡು ವರ್ಷಕ್ಕೆ ಮುಗಿಸಲಾರ. ಆಯ್ಕೆಯ ಹೆಸರಿನ ಪದ್ಧತಿಯೊಳಗೆ ಎರಡು ವರ್ಷದ ಹಳೆಯ ಎಂ.ಎ. ಭದ್ರವಾಗಿ ಉಳಿದುಕೊಂಡಿತು. ಇದು ತಪ್ಪೆಂದು ಹೇಳಲಾಗದು. ಓದನ್ನು ಮನಸ್ಸು ಅರಗಿಸಿಕೊಳ್ಳಲು ಕಾಲ ಬೇಕೆಂಬ ಅಧ್ಯಾಪಕರ ಅನುಭವ ಆ ಮೇಲಿನ ಗೆರೆಯಲ್ಲಿದೆ.

ಕೆಳಗಿನ ಗೆರೆಯ ವಿಷಯ ಬೇರೆ. ಸೆಮಿಸ್ಟರಿಗೆ ಕನಿಷ್ಠ 18 ಕ್ರೆಡಿಟ್‌ಗಳಂತೆ ನೋಂದಾಯಿಸಿ, ಸತತ ನಾಲ್ಕು ಸೆಮಿಸ್ಟರುಗಳಲ್ಲಿ 76ನ್ನು ಮುಗಿಸಿದವರಿಗೆ ಮಾತ್ರ ರ‍್ಯಾಂಕು, ಪದಕ, ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಮತ್ತು ವಿದ್ಯಾರ್ಥಿನಿಲಯದ ಸೌಲಭ್ಯಗಳಿಗೆ ಅರ್ಹತೆಯಿರುತ್ತದೆಂದು ಅದೇ ವಿನಿಯಮಗಳು ಹೇಳಿದವು. ರ‍್ಯಾಂಕು ಪದಕಗಳಿಗೆ ಇಂಥ ಷರತ್ತು ನ್ಯಾಯವಾದದ್ದು. ಆದರೆ ಹಾಸ್ಟೆಲಿನ ಊಟ ಮತ್ತು ವಿದ್ಯಾರ್ಥಿವೇತನಗಳು ಅರಕಲಗೂಡಿನ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗನಿಗೆ, ಹೊಳೆನರಸೀಪುರದಿಂದ ಬೆಳಗಿನ ಬಸ್ಸು ಹಿಡಿಯುವ ಹುಡುಗಿಗೆ ಓದಿನ ಆಧಾರವೇ ಆಗಿರುತ್ತವೆ. ಮನೆಯ ಕೆಲಸಕ್ಕಾಗಿ, ಕಾಯಿಲೆಗಾಗಿ ಒಂದು ಸೆಮಿಸ್ಟರಿನಲ್ಲಿ ಹೊರೆ ಇಳಿಸಿಕೊಳ್ಳಬೇಕಾದವರು ಇಂಥ ಮನೆಗಳಲ್ಲೇ ಹೆಚ್ಚು, ಇಳಿಸಿಕೊಂಡರೆ ಆಧಾರವನ್ನೇ ಕಳೆದುಕೊಳ್ಳುವವರೂ ಅವರೇ. ನಿಧಾನವಾಗಿ ಓದುವ ಅವಕಾಶವನ್ನು ನಿಯಮದ ಒಂದು ಸಾಲು ಕೊಟ್ಟಿತು, ಮತ್ತೊಂದು ಸಾಲು ಅದನ್ನು ಬಡವರಿಂದ ಹಿಂದಕ್ಕೆ ತೆಗೆದುಕೊಂಡಿತು.

ಇಂಥ ಸಾಲುಗಳು ಎಲ್ಲಿ ರೂಪುಗೊಳ್ಳುತ್ತವೆ ಎಂಬುದು ಇದಕ್ಕೆ ಹೊಂದಿಕೊಂಡ ಪ್ರಶ್ನೆ. ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ, 2000ರ ಪ್ರಕಾರ ಆಯಾ ವಿಷಯದ ಪಠ್ಯಕ್ರಮವನ್ನು ಅಧ್ಯಯನ ಮಂಡಳಿಯು ಸಿದ್ಧಪಡಿಸುತ್ತದೆ, ಅದು ನಿಕಾಯದ ಮೂಲಕ, ಅಂದರೆ ಕಲೆ, ವಿಜ್ಞಾನ, ವಾಣಿಜ್ಯದಂಥ ವಿಷಯಗಳ ಗುಂಪಿನ ಮೂಲಕ, ಶಿಕ್ಷಣ ಮಂಡಳಿಗೆ ಹೋಗುತ್ತದೆ. ಶಿಕ್ಷಣ ಮಂಡಳಿಯೇ ವಿದ್ಯಾವಿಷಯಗಳ ಮುಖ್ಯ ಸಭೆ. ಆಡಳಿತದ ಅಧಿಕಾರ ಸಿಂಡಿಕೇಟಿನದು, ಅಲ್ಲಿ ಸರ್ಕಾರ ಮತ್ತು ಕುಲಾಧಿಪತಿಗಳು ನಾಮನಿರ್ದೇಶನ ಮಾಡುವವರಿಗೆ ದೊಡ್ಡ ಸ್ಥಾನವಿದೆ. ಅಧ್ಯಾಪಕರ ಮಾತಿಗೆ ಹೆಚ್ಚು ತೂಕವಿರುವ ಶಿಕ್ಷಣ ಮಂಡಳಿ ಮತ್ತು ಅಧ್ಯಯನ ಮಂಡಳಿಗಳಲ್ಲೂ ಸ್ನಾತಕೋತ್ತರ ಇಲಾಖೆಗಳ ಪ್ರಾಧ್ಯಾಪಕರ ಧ್ವನಿಯೇ ಸಹಜವಾಗಿ ಮುಂದಾಗುತ್ತದೆ. ತಾಲ್ಲೂಕು ಕಾಲೇಜುಗಳಲ್ಲಿ ಪಾಠದ ಬಹುಭಾಗವನ್ನು ಹೊತ್ತಿರುವ ಅತಿಥಿ ಉಪನ್ಯಾಸಕರು (ರಾಜ್ಯದಲ್ಲಿ ಅವರ ಸಂಖ್ಯೆ ಹತ್ತು ಸಾವಿರವನ್ನು ಮೀರಿದೆ) ವರ್ಷವರ್ಷಕ್ಕೆ ನೇಮಕವಾಗುವವರಾದ್ದರಿಂದ ಈ ಸಭೆಗಳ ಹೊರಗೇ ಉಳಿಯುತ್ತಾರೆ. ತರಗತಿಯಲ್ಲಿ ಯಾರು ಹಿಂದೆ ಬೀಳುತ್ತಿದ್ದಾರೆ, ಏಕೆ ಬೀಳುತ್ತಿದ್ದಾರೆ ಎಂಬುದನ್ನು ಮೊದಲು ಕಾಣುವವರು ಅವರು.

ಸ್ವಾಯತ್ತತೆಯು ಈ ದೂರವನ್ನು ಸ್ವಲ್ಪ ಕಡಿಮೆ ಮಾಡಿತು. 1964–66ರ ಕೊಠಾರಿ ಆಯೋಗವು ಶಿಫಾರಸು ಮಾಡಿದ ಈ ವ್ಯವಸ್ಥೆಯಲ್ಲಿ ಕಾಲೇಜಿಗೇ ತನ್ನದಾದ ಶಿಕ್ಷಣ ಮಂಡಳಿ ಮತ್ತು ಅಧ್ಯಯನ ಮಂಡಳಿಗಳಿರುತ್ತವೆ, ಪದವಿಯನ್ನು ಮಾತ್ರ ವಿಶ್ವವಿದ್ಯಾನಿಲಯ ಕೊಡುತ್ತದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮಲೆನಾಡು ಇಂಜಿನಿಯರಿಂಗ್ ಕಾಲೇಜು 2007ರಲ್ಲಿ ಸ್ವಾಯತ್ತವಾಯಿತು. ಹಾಸನದ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜುಗಳಿಗೂ ಆ ಸ್ಥಾನ ದೊರೆಯಿತು. ಅರಕಲಗೂಡು, ಚನ್ನರಾಯಪಟ್ಟಣಗಳ ಸಾಮಾನ್ಯ ಕಾಲೇಜುಗಳು ಹಳೆಯ ಕ್ರಮದಲ್ಲೇ ಮುಂದುವರಿದವು.

ಆಮೇಲಿನ ಬದಲಾವಣೆಗಳು ಅಧ್ಯಾಪಕರ ಸಭೆಗಳಿಗೆ ಉಸಿರಾಡಲೂ ಬಿಡಲಿಲ್ಲ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯ ಪಠ್ಯಕ್ರಮವು ರಾಜ್ಯದ ಎಲ್ಲ ಪದವಿ ಕಾಲೇಜುಗಳಿಗೆ ಒಮ್ಮೆಲೇ ಬಂದಿತು. 2022ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಏಕಕಾಲಕ್ಕೆ ಎರಡು ಪದವಿಗಳನ್ನು ಓದಲು ಅನುಮತಿ ಕೊಟ್ಟಿತು, ಕ್ರೆಡಿಟ್ ಮಿತಿಗಳ ಹಿಂದಿದ್ದ ಎಚ್ಚರಿಕೆಗೆ ಇದು ನೇರವಾಗಿ ಎದುರಾದ ನಿರ್ಧಾರ. 2024ರ ಮೇ ತಿಂಗಳಲ್ಲಿ, ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ, ರಾಜ್ಯ ಸರ್ಕಾರವು ಮೂರು ವರ್ಷದ ಪದವಿಗೆ ಮರಳಿತು. ಮೂರು ವರ್ಷಗಳ ಅಂತರದಲ್ಲಿ ಎರಡು ಬಾರಿ ಹೊರೆಯ ಲೆಕ್ಕ ಬದಲಾಯಿತು, ಎರಡು ಬಾರಿಯೂ ಅಧ್ಯಯನ ಮಂಡಳಿಗಳ ಪಾಲಿಗೆ ಬಂದದ್ದು ಮೇಲಿನಿಂದ ಬಂದ ಚೌಕಟ್ಟನ್ನು ಅವಸರದಲ್ಲಿ ತುಂಬಿಸುವ ಕೆಲಸ.

ಈ ನಡುವೆ, 2023ರಲ್ಲಿ, ಹೇಮಗಂಗೋತ್ರಿಯ ಆವರಣದಲ್ಲೇ ಹಾಸನ ವಿಶ್ವವಿದ್ಯಾನಿಲಯವು ಆರಂಭವಾಯಿತು. ಮದರಾಸಿನಿಂದ ಮೈಸೂರಿಗೆ ಬಂದಿದ್ದ ಅಧಿಕಾರವು ಶತಮಾನದ ನಂತರ ಮತ್ತೊಂದು ಹೆಜ್ಜೆ ಹತ್ತಿರ ಬಂದು, ಜಿಲ್ಲೆಯ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಹೊರೆಯ ಬಗ್ಗೆ ತಮ್ಮ ಊರಿನಲ್ಲೇ ಸಭೆ ಸೇರಿ ತೀರ್ಮಾನಿಸುವ ಅವಕಾಶವನ್ನು ಮೊದಲ ಬಾರಿಗೆ ತೆರೆಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಣ ಮತ್ತು ಸಿಬ್ಬಂದಿಯ ಕೊರತೆಯ ಹಿನ್ನೆಲೆಯಲ್ಲಿ ಮುಚ್ಚಬಹುದೆಂದು ಸೂಚಿಸಿದ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ಹಾಸನದ ಹೆಸರೂ ಇತ್ತು.