ಹೆಚ್ಚುವ ಮಣೆ: ಹದ ಮತ್ತು ಆರೈಕೆಯ ಇತಿಹಾಸ

ತರಕಾರಿ, ಹಣ್ಣು, ಮಾಂಸ ಹೆಚ್ಚಲು ಬಳಸುವ ಮರದ ಹಲಗೆ ಅಥವಾ ಕೊರಡು. ದೇವನಹಳ್ಳಿ, ದೊಡ್ಡಬಳ್ಳಾಪುರ ಸೀಮೆಯಲ್ಲಿ ಇದರ ಹಳೆಯ ರೂಪಗಳು ಎರಡು: ಮನೆಯ ಈಳಿಗೆಮಣೆ, ಮಾಂಸದಂಗಡಿಯ ಹುಣಸೆ ಕೊರಡು. ಚಾಕುವಿನಡಿ ಇಡುವ ಚಪ್ಪಟೆ ಮಣೆ ಬಳಕೆಗೆ ಬಂದದ್ದು ನಿಂತು ಅಡುಗೆ ಮಾಡುವ ಕಟ್ಟೆಯ ಜೊತೆಗೆ.

ಈಳಿಗೆಮಣೆಯಲ್ಲಿ ಅಲಗು ಮೇಲ್ಮುಖವಾಗಿ ನಿಂತಿರುತ್ತದೆ. ಕಾಯಿಯನ್ನೇ ಅದಕ್ಕೆ ಒತ್ತಿ ಹೆಚ್ಚುತ್ತಾರೆ. ಹೀಗಾಗಿ ಮಣೆಗೆ ಗಾಯವಿಲ್ಲ. ಹಾಳಾಗುವುದು ಅಲಗು ನಾಟಿದ ಜಾಗ: ಅಲ್ಲಿ ನೀರು ನಿಂತರೆ ಕಬ್ಬಿಣ ತುಕ್ಕು ಹಿಡಿದು, ಮರ ಮೆತ್ತಗಾಗಿ, ಅಲಗು ಅಲ್ಲಾಡತೊಡಗುತ್ತದೆ. ತೊಳೆದ ಕೂಡಲೇ ಒರೆಸಿ ಗೋಡೆಗೆ ಒರಗಿಸಿಡುವುದೇ ಇದರ ಮುಖ್ಯ ಆರೈಕೆ. ತೂಬುಗೆರೆಯಂಥ ಹಲಸಿನ ಊರುಗಳಲ್ಲಿ ಮಣೆಗೆ ಎಣ್ಣೆಯ ಯೋಗವೂ ಉಂಟು. ಹಲಸಿನ ಅಂಟು ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಕೈಗೂ ಅಲಗಿಗೂ ಸವರಿದ್ದರಲ್ಲಿ ಒಂದಿಷ್ಟು ಮರಕ್ಕೂ ಇಳಿಯುತ್ತದೆ. ಬೇಕೆಂದು ಕೊಟ್ಟ ಪಾಲಿಶ್ ಅಲ್ಲ ಅದು, ಆದರೂ ಮರ ನೀರು ಕುಡಿಯುವುದನ್ನು ತಕ್ಕಮಟ್ಟಿಗೆ ತಡೆಯುತ್ತದೆ.

ಕೊರಡಿನ ಕಥೆ ಬೇರೆ. ಮಚ್ಚಿನ ಏಟನ್ನೆಲ್ಲ ತಿನ್ನುವುದು ಅದೇ. ಬಯಲುಸೀಮೆಯ ಗುಂಡುತೋಪುಗಳಲ್ಲಿ ಧಾರಾಳವಾಗಿ ಬೆಳೆಯುವ ಹುಣಸೆ ಗಟ್ಟಿ ಮರ, ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುಲಭವಾಗಿ ಸೀಳುವುದಿಲ್ಲ. ಕಾಂಡವನ್ನು ಅಡ್ಡ ಕೊಯ್ದು ನಿಲ್ಲಿಸಿದಾಗ ಎಳೆಗಳ ತುದಿ ಮೇಲಕ್ಕೆ ಬರುತ್ತದೆ. ಅಲಗು ಅವುಗಳ ನಡುವೆ ಇಳಿಯುವುದರಿಂದ ಮರವೂ ಬಾಳುತ್ತದೆ, ಮಚ್ಚಿನ ಹರಿತವೂ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಕೆರೆದು ಉಪ್ಪು ಹಾಕುವ ರೂಢಿ ಈಗ ಕಾನೂನಿನಲ್ಲೂ ಇದೆ: ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ಪರವಾನಗಿ ನಿಯಮಗಳು ಮಾಂಸದಂಗಡಿಯ ಮರದ ಕೊರಡು ತೂತು, ಬಿರುಕಿಲ್ಲದ ಗಟ್ಟಿ ಮರದ್ದಾಗಿರಬೇಕು, ಅದರ ಮೇಲ್ಮೈಗೆ ಉಪ್ಪು ಹರಡಬೇಕು ಎನ್ನುತ್ತವೆ.

ಮರ ಕೊಳಕು, ಪ್ಲಾಸ್ಟಿಕ್ ಶುಚಿ ಎಂಬ ನಂಬಿಕೆ 20ನೇ ಶತಮಾನದಲ್ಲಿ ಬಲವಾಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೀನ್ ಕ್ಲೈವರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಯೋಗಗಳು ಅದನ್ನು ಅಲುಗಾಡಿಸಿದವು. ಮರದೊಳಗೆ ಇಳಿದ ಬ್ಯಾಕ್ಟೀರಿಯಾ ಮೇಲ್ಮೈಗೆ ಮರಳುವುದು ಕಡಿಮೆ. ಗೀರುಬಿದ್ದ ಪ್ಲಾಸ್ಟಿಕ್ಕನ್ನು ಕೈಯಲ್ಲಿ ಉಜ್ಜಿ ಶುಚಿಮಾಡುವುದೇ ಕಷ್ಟ.

2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೇವನಹಳ್ಳಿಯ ಸುತ್ತ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಚಪ್ಪಟೆ ಮಣೆಯದೇ ರಾಜ್ಯ. ಇದಕ್ಕೆ ಎಣ್ಣೆಯ ಆಯ್ಕೆ ಮುಖ್ಯ. ಕಡಲೆಕಾಯಿ ಎಣ್ಣೆ ಒಣಗುವುದಿಲ್ಲ, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ಹಸಿ ಅಗಸೆ ಎಣ್ಣೆ ಗಾಳಿಗೆ ನಿಧಾನವಾಗಿ ಗಟ್ಟಿಯಾಗುತ್ತದೆ. ಬಣ್ಣದಂಗಡಿಯ ಬೇಗ ಒಣಗುವ ಅಗಸೆ ಎಣ್ಣೆಯಲ್ಲಿ ಲೋಹದ ಲವಣಗಳಿರುವ ಸಾಧ್ಯತೆ ಹೆಚ್ಚು, ಅಡುಗೆಮನೆಗೆ ಸಲ್ಲದು. ಆಹಾರ ದರ್ಜೆಯ ಖನಿಜ ತೈಲ ಕೆಡುವುದಿಲ್ಲ. ಮೇಲೆ ಜೇನುಮೇಣ ಉಜ್ಜಿದರೆ ಇನ್ನೂ ಲೇಸು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗು ಇಲ್ಲಿ ಕೆಲಸಕ್ಕೆ ಬಾರದು, ಚಾಕು ತಾಗಿದರೆ ಚಕ್ಕೆ ಏಳುತ್ತದೆ. ಎಣ್ಣೆಯನ್ನು ಎರಡೂ ಬದಿಗೆ ಹಚ್ಚಬೇಕು. ಒಂದೇ ಬದಿ ನೀರು ಕುಡಿದ ಮಣೆ ಬಾಗುತ್ತದೆ.