ಕಿಡಿ ಹಂಚುವವನ ಕೊನೆಯ ದಿನಗಳು

ನಾನು ಚಿಕ್ಕವನಿದ್ದಾಗ ಒಮ್ಮೆ ಆಗುಂಬೆ ಘಾಟಿಯಲ್ಲಿ ಜಡಿಮಳೆಗೆ ಸಿಕ್ಕಿ ನಮ್ಮ ಬಾಡಿಗೆ ಕಾರು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತ್ತು. ಡ್ರೈವರ್ ಏನೂ ಗಾಬರಿಯಾಗಲಿಲ್ಲ. ಬಾನೆಟ್ ಎತ್ತಿ, ಕೊಡೆ ಹಿಡಿಯೋಕೆ ನನ್ನನ್ನ ನಿಲ್ಲಿಸಿ, ತಲೆ ತುಂಬಾ ವಯರುಗಳಿದ್ದ ಒಂದು ಕಪ್ಪು ಮುಚ್ಚಳ ಬಿಚ್ಚಿದರು. ಟವೆಲಿನ ಒಣಗಿದ ತುದಿಯಿಂದ ಒಳಗೆಲ್ಲ ಒರೆಸಿ ಮತ್ತೆ ಕೂರಿಸಿದರು. ಕಾರು ಸ್ಟಾರ್ಟ್! "ಎಂತದೂ ಆಗ್ಲಿಲ್ಲ ಮಾರಾಯ, ಡೆಲ್ಕೋ ಚಂಡಿಯಾಗಿತ್ತು ಅಷ್ಟೆ" ಅಂದರು.

ಡೆಲ್ಕೋ ಅಂದರೆ ಆ ಡಬ್ಬಿಯ ಹೆಸರು ಅಂತಲೇ ಎಷ್ಟೋ ವರ್ಷ ತಿಳಿದುಕೊಂಡಿದ್ದೆ. ಡಬ್ಬಿಯ ನಿಜವಾದ ಹೆಸರು ಡಿಸ್ಟ್ರಿಬ್ಯೂಟರ್, ಡೆಲ್ಕೋ ಅನ್ನೋದು ಅಮೆರಿಕದ ಒಂದು ಕಂಪನಿ ಅಂತ ಗೊತ್ತಾಗಿದ್ದು ಆಮೇಲೆ. ಓಹೈಯೋದ ಡೇಟನ್ ಊರಿನ 'ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ'ಯ ಮೊದಲಕ್ಷರಗಳನ್ನು ಜೋಡಿಸಿದರೆ ಡೆಲ್ಕೋ. ಅದನ್ನು ಕಟ್ಟಿದವರು ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್. ಕೆಟರಿಂಗ್ ಅದಕ್ಕೂ ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರ್ ಮಾಡುವ ಕಂಪನಿಯಲ್ಲಿದ್ದ ಎಂಜಿನಿಯರ್. ಅವರು ಮಾಡಿದ ಕಿಡಿ ವ್ಯವಸ್ಥೆಯನ್ನು ನೋಡಿ ಕ್ಯಾಡಿಲಾಕ್‌ನ ಹೆನ್ರಿ ಲೇಲ್ಯಾಂಡ್ 1909ರಲ್ಲಿ 8000 ಸೆಟ್ಟು ಆರ್ಡರ್ ಕೊಟ್ಟರು. 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ರಸ್ತೆಗಿಳಿಯಿತು.

ಅದರ ಕೆಲಸ ಬಹಳ ಸರಳ. ಕಾಯಿಲ್‌ನಲ್ಲಿ ಕರೆಂಟು ಹರಿಯುತ್ತಿರುತ್ತೆ. ಪಾಯಿಂಟ್ ಅನ್ನೋ ಪುಟ್ಟ ಸ್ವಿಚ್ಚು ಪಟ್ಟಂತ ತೆರೆದರೆ ಕರೆಂಟು ಕಡಿದು, ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತೆ. ಮುಚ್ಚಳದೊಳಗೆ ತಿರುಗುವ ರೋಟರ್ ಅದನ್ನು ಒಂದೊಂದು ಸಿಲಿಂಡರಿಗೂ ಸರದಿ ಪ್ರಕಾರ ಹಂಚುತ್ತೆ, ಪಂಕ್ತಿಯಲ್ಲಿ ಬಡಿಸುವವರು ಎಲೆಯಿಂದ ಎಲೆಗೆ ಹೋಗುವ ಹಾಗೆ. ಕೆಟ್ಟರೆ ಬಿಚ್ಚು, ಮರಳು ಕಾಗದದಿಂದ ಪಾಯಿಂಟ್ ಉಜ್ಜು, ಒರೆಸು, ಹಾಕು. ಆಮೇಲಿನ ಅರವತ್ತು ವರ್ಷ ಪ್ರಪಂಚದ ಬಹುಪಾಲು ಪೆಟ್ರೋಲ್ ಕಾರುಗಳು ಹೀಗೇ ಓಡಿದವು.

ಸ್ಪೀಡಿನ ಕಾರುಗಳಲ್ಲಿ ಮಾತ್ರ ಇದಕ್ಕೆ ಉಸಿರು ಕಟ್ಟುತ್ತಿತ್ತು. ಲೆಕ್ಕ ಹಾಕಿ ನೋಡಿ. ಎಂಟು ಸಿಲಿಂಡರಿನ ವಿ8 ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ನಿಮಿಷಕ್ಕೆ 24,000 ಕಿಡಿ ಬೇಕು. ಅಂದರೆ ಸೆಕೆಂಡಿಗೆ 400! ಆ ಪಾಯಿಂಟಿನ ಸ್ಪ್ರಿಂಗು ಅಷ್ಟು ಬೇಗ ಬಡಿದುಕೊಳ್ಳಲಾರದೆ ಕುಣಿಯತೊಡಗುತ್ತೆ. ಕಾಯಿಲ್ ತುಂಬೋಕೂ ಸಮಯ ಸಾಲಲ್ಲ. ಅದಕ್ಕೇ 1970ರ ದಶಕದಲ್ಲಿ ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ಸ್ ಬಂತು. ಹಂಚುವ ರೋಟರ್, ಮುಚ್ಚಳ ಮಾತ್ರ ಉಳಿದವು.

1955ರಲ್ಲಿ ಬಂದ ಷೆವ್ರೊಲೆ ಸಣ್ಣ ವಿ8 ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಇದ್ದದ್ದು ಎಂಜಿನ್ನಿನ ಹಿಂಭಾಗದಲ್ಲಿ, ನೆಟ್ಟಗೆ ನಿಂತ ಹಾಗೆ. ಬದಲಾಯಿಸಬೇಕಾದರೆ ಒಂದೇ ಒಂದು ಕ್ಲಾಂಪ್ ಬೋಲ್ಟ್. ಆದರೆ ಸ್ವಲ್ಪ ಹುಷಾರಾಗಿರಬೇಕು. ಕೆಳಗಿನ ಗಿಯರಿನ ಹಲ್ಲು ಓರೆಯಾಗಿರೋದರಿಂದ ಮೇಲೆ ಎಳೆಯುವಾಗ ರೋಟರ್ ತಿರುಗಿಬಿಡುತ್ತೆ. ಅದಕ್ಕೇ ಮೊದಲೇ ಗುರುತು ಹಾಕಿಕೊಳ್ಳಬೇಕು. ಹಾಕುವಾಗ ಕೆಳಗಿನ ಆಯಿಲ್ ಪಂಪಿನ ಶಾಫ್ಟೂ ಕೂಡಿಕೊಳ್ಳಬೇಕು. ಅರ್ಧ ಸುತ್ತು ತಪ್ಪಾಗಿ ಕೂತರೆ ಕಾರ್ಬ್ಯುರೇಟರಿನಿಂದ ಢಮ್ ಅಂತ ಬೆಂಕಿ! ಮರದ ಕೆಳಗೆ ಕಾರು ನಿಲ್ಲಿಸಿಕೊಂಡೂ ಮಾಡಬಹುದಾದ ಕೆಲಸ ಇದು.

ನಿಜವಾದ ಕಥೆ ಶುರುವಾಗೋದು 1992ರಲ್ಲಿ. ಆ ವರ್ಷ ಕಾರ್ವೆಟ್ ಕಾರಿಗೆ ಎಲ್‌ಟಿ1 ಅನ್ನೋ ಹೊಸ ಎಂಜಿನ್ ಬಂತು. 5.7 ಲೀಟರ್, 300 ಅಶ್ವಶಕ್ತಿ. ಆಮೇಲೆ ಕಮಾರೋ, ಫೈರ್‌ಬರ್ಡ್, ಇಂಪಾಲಾ ಎಸ್‌ಎಸ್‌ಗೂ ಅದೇ ಬಳಗದ ಎಂಜಿನ್. ಇದರ ಡಿಸ್ಟ್ರಿಬ್ಯೂಟರಿನ ಹೆಸರು ಆಪ್ಟಿಸ್ಪಾರ್ಕ್. ಒಳಗೆ ಒಂದು ತೆಳು ತಟ್ಟೆ. ಅದರ ಅಂಚಿನಲ್ಲಿ 360 ಸಣ್ಣ ಸೀಳುಗಳು, ಇನ್ನೊಂದು ಸಾಲಿನಲ್ಲಿ ಎಂಟು ಸೀಳುಗಳು. ತಟ್ಟೆ ತಿರುಗಿದಾಗ ಸೀಳುಗಳ ಮೂಲಕ ಬೆಳಕು ಹಾದುಹೋಗೋದನ್ನು ಎಣಿಸಿ, ಎಂಜಿನ್ ಈ ಕ್ಷಣ ಎಲ್ಲಿದೆ ಅಂತ ಕಂಪ್ಯೂಟರ್ ತಿಳಿದುಕೊಳ್ಳುತ್ತೆ. ಕ್ರ್ಯಾಂಕಿನ ಪ್ರತಿ ಎರಡು ಡಿಗ್ರಿಗೆ ಒಂದು ಎಣಿಕೆ! ಗಿಯರಿನ ಸಡಿಲ ನಡುವೆ ಬರಬಾರದು ಅಂತ ಇದನ್ನು ಕ್ಯಾಮ್‌ಶಾಫ್ಟಿನ ತುದಿಗೇ ನೇರವಾಗಿ, ಎಂಜಿನ್ನಿನ ಮುಂಭಾಗದಲ್ಲಿ ಜೋಡಿಸಿದರು. ಕೆಟರಿಂಗ್ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರೇನೋ.

ಆದರೆ ಅದರ ಮೇಲುಗಡೆ ಕೂತಿತ್ತು ವಾಟರ್ ಪಂಪ್.

ಪಂಪ್ ಅಂದಮೇಲೆ ಒಂದಲ್ಲ ಒಂದು ದಿನ ಅದರ ಸೀಲು ಸವೆಯುತ್ತೆ, ಸೋರುತ್ತೆ. ಸೋರಿದ ಕೂಲೆಂಟ್ ತೊಟ್ಟಿಕ್ಕುತ್ತಿದ್ದದ್ದು ನೇರ ಆಪ್ಟಿಸ್ಪಾರ್ಕ್ ಮೇಲೆ. ಸಾಲದ್ದಕ್ಕೆ ಆ ಸೂಕ್ಷ್ಮ ಸೆನ್ಸರೂ ಸಾವಿರಾರು ವೋಲ್ಟಿನ ರೋಟರೂ ಒಂದೇ ಡಬ್ಬಿಯೊಳಗೆ ಸಂಸಾರ ಮಾಡಬೇಕು. ಕಿಡಿಯಿಂದ ಓಜೋನ್ ಹುಟ್ಟುತ್ತೆ, ಅದು ಲೋಹವನ್ನು ತಿನ್ನುತ್ತೆ. ಮೊದಮೊದಲಿನವಕ್ಕೆ ಒಳಗಿನ ತೇವ ಹೊರಗೆಳೆಯುವ ವ್ಯವಸ್ಥೆ ಇರಲಿಲ್ಲ. 1990ರ ದಶಕದ ಮಧ್ಯದಲ್ಲಿ ಗಾಳಿ ಎಳೆಯುವ ಕೊಳವೆ ಸೇರಿಸಿದರು. ಸ್ವಲ್ಪ ಸುಧಾರಿಸಿತು. ಆದರೆ ಜಾಗ ಬದಲಾಗಲಿಲ್ಲವಲ್ಲ!

ಬದಲಾಯಿಸುವ ಕಥೆ ಕೇಳಿ. ಡಬ್ಬಿಯನ್ನು ಹಿಡಿದಿರೋದು ಮೂರೇ ಬೋಲ್ಟು. ಆದರೆ ಆ ಮೂರನ್ನು ಮುಟ್ಟೋಕೆ ಮೊದಲು ಕೂಲೆಂಟ್ ಇಳಿಸಬೇಕು, ಹೋಸುಗಳನ್ನು ಬಿಚ್ಚಬೇಕು, ವಾಟರ್ ಪಂಪ್ ತೆಗೆಯಬೇಕು, ಕ್ರ್ಯಾಂಕಿನ ತುದಿಯ ದೊಡ್ಡ ಪುಲ್ಲಿ ತೆಗೆಯಬೇಕು. ಅಷ್ಟೆಲ್ಲ ಬಿಚ್ಚಿದ ಮೇಲೆ ಡಿಸ್ಟ್ರಿಬ್ಯೂಟರ್ ಒಂದನ್ನೇ ಬದಲಾಯಿಸಿ ಮುಚ್ಚುವವನು ಜಾಣನಲ್ಲ. ಅಲ್ಲೇ ಇರುವ ಕ್ರ್ಯಾಂಕಿನ ಸೀಲು, ಪಂಪಿನ ಶಾಫ್ಟಿನ ಸೀಲು, ಆಪ್ಟಿಸ್ಪಾರ್ಕಿನ ಸೀಲು, ಮೂರನ್ನೂ ಬದಲಾಯಿಸಬೇಕು. ಪಂಪ್ ಹಳತಾಗಿದ್ದರೆ ಅದನ್ನೂ. ಇಲ್ಲದಿದ್ದರೆ ಹೊಸ ಡಬ್ಬಿಯ ಮೇಲೂ ಹಳೇ ಸೋರಿಕೆಯದ್ದೇ ಅಭಿಷೇಕ. ಒಂದು ಸಮಾಧಾನ ಅಂದರೆ ಟೈಮಿಂಗ್ ಹೊಂದಿಸುವ ತಲೆನೋವಿಲ್ಲ. ಅದು ಒಂದೇ ರೀತಿಯಲ್ಲಿ ಕೂರುತ್ತೆ, ಉಳಿದದ್ದು ಕಂಪ್ಯೂಟರಿನ ಪಾಲು.

ಇದನ್ನು ಓದುತ್ತಾ ನನಗೆ ಆ ಘಾಟಿಯ ಟವೆಲ್ ನೆನಪಾಯಿತು. ಅದೇ ಒದ್ದೆ, ಅದೇ ಕಾಯಿಲೆ. ಒಂದು ಕಡೆ ಎರಡು ನಿಮಿಷ, ಇನ್ನೊಂದು ಕಡೆ ಗಂಟೆಗಟ್ಟಲೆ ಕೆಲಸ. ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆ ಹಳೇ ಪಾಯಿಂಟನ್ನು ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಉಜ್ಜಬೇಕಿತ್ತು, ಆಪ್ಟಿಸ್ಪಾರ್ಕಿಗೆ ಆ ಸೇವೆ ಬೇಡ. ಅದರ ಅಳತೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಎಂದಾದರೂ ಕೆಡುತ್ತೆ ಅನ್ನೋದನ್ನು ಮರೆತು ಅದಕ್ಕೆ ಕೊಟ್ಟ ಜಾಗದಲ್ಲಿ.

ಉತ್ತರ ಐದೇ ವರ್ಷದಲ್ಲಿ ಬಂತು. 1997ರ ಕಾರ್ವೆಟ್‌ನ ಎಲ್‌ಎಸ್1 ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ! ಪ್ರತಿ ಸಿಲಿಂಡರಿಗೂ ಅದರದ್ದೇ ಕಾಯಿಲ್, ಒಟ್ಟು ಎಂಟು, ಎಂಜಿನ್ನಿನ ಮೇಲುಗಡೆ ಕೈಗೆ ಸಿಗುವ ಹಾಗೆ. ಒಂದು ಕೆಟ್ಟರೆ ಆ ಒಂದನ್ನು ಬದಲಾಯಿಸಿದರಾಯಿತು. ಈಗಲೂ ಎಲ್‌ಟಿ1 ಕಾರುಗಳನ್ನು ಪ್ರೀತಿಯಿಂದ ಇಟ್ಟುಕೊಂಡವರಿದ್ದಾರೆ. ಕೆಲವರು ಹೊಸ ಆಪ್ಟಿಸ್ಪಾರ್ಕ್ ಹಾಕುತ್ತಾರೆ, ಕೆಲವರು ಬೇಸತ್ತು ಎಲ್‌ಎಸ್1 ತರಹದ ಎಂಟು ಕಾಯಿಲ್ ಜೋಡಿಸಿಕೊಳ್ಳುತ್ತಾರೆ.

ಹಂಚುವವನು ಹೋದ, ಎಣಿಸುವವನು ಉಳಿದ. ನಮ್ಮ ಆ ಡ್ರೈವರ್ ಇವತ್ತಿನ ಕಾರಿನ ಬಾನೆಟ್ ಎತ್ತಿದರೆ ಟವೆಲ್ ಹಿಡಿದುಕೊಂಡು ಡೆಲ್ಕೋ ಎಲ್ಲಿ ಅಂತ ಹುಡುಕುತ್ತಿದ್ದರೇನೋ :)

ನಿಮ್ಮ ಊರಿನಲ್ಲೂ ಇದನ್ನು ಡೆಲ್ಕೋ ಅಂತಲೇ ಕರೀತಿದ್ರಾ?