ಮಕ್ಕಳ ಹೊಟ್ಟೆ ತೊಳೆದ ಕಥೆ: ಹರಳೆಣ್ಣೆಯ ಒಳಲೆ, ಪಾದರಸದ ಪುಡಿ

ಭಾನುವಾರ ಬೆಳಗ್ಗೆ ಹರಳೆಣ್ಣೆ. ಮೂವತ್ತು ದಾಟಿದ ಯಾರನ್ನು ಕೇಳಿದರೂ ಈ ನೆನಪು ಇದ್ದೇ ಇರುತ್ತದೆ. ಅಜ್ಜಿ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಒಬ್ಬರು ಕೈ ಹಿಡಿಯಬೇಕು, ಇನ್ನೊಬ್ಬರು ಮೂಗು ಒತ್ತಬೇಕು. ಮಗು ಉಸಿರಿಗಾಗಿ ಬಾಯಿ ಬಿಟ್ಟಾಗ ಒಳಲೆಯಿಂದ ಎಣ್ಣೆ ಸುರಿಯಬೇಕು. ಆಮೇಲೆ ಬಿಸಿ ಕಾಫಿ, ಮಧ್ಯಾಹ್ನದವರೆಗೆ ಹಿತ್ತಲು. ಉತ್ತರದ ಕಡೆ ಇದೇ ಔಡಲೆಣ್ಣೆ. ಹೆಸರು ಬೇರೆಯಾದರೂ ಮೂಗು ಒತ್ತುವುದು ಒಂದೇ.

ಇದೆಲ್ಲ ಮುಗಿದ ಕಥೆ ಎಂದುಕೊಂಡಿದ್ದೆವು. ಮೊನ್ನೆ ಬೇರೊಂದು ಸುದ್ದಿಗೆ ಹೋದಾಗ ಒಂದು ಮನೆಯಲ್ಲಿ ಎರಡು ವರ್ಷದ ಹುಡುಗ ಬಾಗಿಲ ಹಿಂದೆ ಅಡಗಿ, ಕಾಲು ಅಡ್ಡ ಮಾಡಿ, ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ. ಐದು ದಿನದಿಂದ ಮಲ ಹೋಗಿಲ್ಲ ಎಂದರು ತಾಯಿ. ಅಜ್ಜಿ ಎಣ್ಣೆಯ ಬಾಟಲಿ ಹುಡುಕುತ್ತಿದ್ದರು. ತಾಯಿಗೆ ಅದು ಇಷ್ಟವಿಲ್ಲ, ಆದರೆ ಯಾಕೆ ಬೇಡ ಎಂದು ಹೇಳಲು ಗೊತ್ತಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆಗ ಗೊತ್ತಿರಲಿಲ್ಲ. ಬಂದ ಮೇಲೆ ಓದಿದೆವು, ಒಬ್ಬ ಮಕ್ಕಳ ವೈದ್ಯರನ್ನೂ ಕೇಳಿದೆವು. ಓದುತ್ತ ಹೋದಂತೆ ವಿಷಯ ನಮ್ಮ ಹಿತ್ತಲಿನಿಂದ ಇಂಗ್ಲೆಂಡು, ಆಸ್ಟ್ರೇಲಿಯದವರೆಗೆ ಹೋಯಿತು.

ಮೊದಲು ಹರಳೆಣ್ಣೆ. ಇದು ನಮ್ಮ ಊರಿಗೆ ಮಾತ್ರ ಸೇರಿದ್ದಲ್ಲ. ಸುಮಾರು 3,500 ವರ್ಷ ಹಿಂದಿನ ಈಜಿಪ್ಟಿನ ವೈದ್ಯ ಬರಹಗಳಲ್ಲಿ ಹರಳು ಇದೆ. ಆಯುರ್ವೇದದಲ್ಲಿ ಏರಂಡ ತೈಲ ಎಂಬ ಹೆಸರಿನಲ್ಲಿ ಇದೆ. ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆಯುವ ಕೆಲಸವನ್ನು ಹಿಂದೆ ಮನೆಗಳಲ್ಲೇ ಮಾಡುತ್ತಿದ್ದರು. ಎಣ್ಣೆ ಕರುಳಿನಲ್ಲಿ ಒಡೆದು ರಿಸಿನೋಲಿಕ್ ಆಮ್ಲವಾಗುತ್ತದೆ. ಅದು ಕರುಳನ್ನು ಹಿಂಡಿದ ಹಾಗೆ ಕುಗ್ಗಿಸುತ್ತದೆ. ಹೊಟ್ಟೆ ಖಾಲಿಯಾಗುತ್ತದೆ ಎನ್ನುವುದರಲ್ಲಿ ಸುಳ್ಳಿಲ್ಲ. ಆದರೆ ಪೂರ್ತಿ ಖಾಲಿಯಾದ ಕರುಳು ಮತ್ತೆ ತುಂಬಲು ಒಂದೆರಡು ದಿನ ಬೇಕು. ಆ ಎರಡು ದಿನ ಮಗು ಹಿತ್ತಲಿಗೆ ಹೋಗುವುದಿಲ್ಲ. ಮನೆಯವರಿಗೆ ಅದು ಮತ್ತೆ ಮಲಬದ್ಧತೆಯಾಗಿ ಕಾಣುತ್ತದೆ, ಬಾಟಲಿ ಮತ್ತೆ ಕೆಳಗಿಳಿಯುತ್ತದೆ.

ಮೂಗು ಒತ್ತಿ ಕುಡಿಸುವುದು ಇನ್ನೂ ಅಪಾಯ. ನೀರು ತಪ್ಪಿ ಶ್ವಾಸಕೋಶಕ್ಕೆ ಹೋದರೆ ಮಗು ಕೆಮ್ಮಿ ಹೊರಹಾಕುತ್ತದೆ. ಎಣ್ಣೆಗೆ ಅಷ್ಟು ಕೆಮ್ಮು ಬರುವುದಿಲ್ಲ, ಸದ್ದಿಲ್ಲದೆ ಇಳಿದು ಅಲ್ಲೇ ಕೂರುತ್ತದೆ. ಅದರಿಂದ ಬರುವ ನ್ಯುಮೋನಿಯವನ್ನು ದಕ್ಷಿಣ ಭಾರತದ ಮಕ್ಕಳ ವೈದ್ಯರು ಹಲವು ಸಲ ಕಂಡು ಬರೆದಿದ್ದಾರೆ. ಅದಕ್ಕೆ ಕಾರಣ ಬಾಯಿಗೆ, ಮೂಗಿಗೆ ಎಣ್ಣೆ ಬಿಡುವ ಅಭ್ಯಾಸ.

ಅಜ್ಜಿಯರನ್ನಷ್ಟೇ ಬೈದು ಸುಮ್ಮನಾಗುವಂತಿಲ್ಲ. ಓದಿದವರ ದೇಶಗಳಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು.

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ತಾಯಂದಿರು ಹಲ್ಲು ಮೂಡುವ ಮಕ್ಕಳಿಗೆ ಒಂದು ಪುಡಿ ಕೊಡುತ್ತಿದ್ದರು. ಇದು ಹಲ್ಲು ಉಜ್ಜುವ ಪುಡಿಯಲ್ಲ, ನುಂಗಿಸುವ ಪುಡಿ. ಹಲ್ಲು ಬರುವಾಗ ಮಗು ಅತ್ತರೆ, ಜ್ವರ ಬಂದರೆ, ಹೊಟ್ಟೆ ಕಟ್ಟಿದರೆ ಎಲ್ಲಕ್ಕೂ ಅದೇ. ಹೆಚ್ಚಿನ ಇಂಥ ಪುಡಿಗಳಲ್ಲಿದ್ದದ್ದು ಕ್ಯಾಲೊಮೆಲ್, ಅಂದರೆ ಪಾದರಸದ ಒಂದು ಲವಣ. ಅದು ಒಳ್ಳೆಯ ಭೇದಿ ಔಷಧ, ರುಚಿ ಇಲ್ಲ, ಮಗು ಉಗುಳುವುದಿಲ್ಲ. ಹರಳೆಣ್ಣೆಯ ಹಾಗೆ ಮೂಗು ಒತ್ತುವ ಕೆಲಸವೇ ಇಲ್ಲ. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತಿತ್ತು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೈದ್ಯರಿಗೆ ಒಂದು ವಿಚಿತ್ರ ಕಾಯಿಲೆ ಕಾಣಿಸತೊಡಗಿತು. ಮಗುವಿನ ಅಂಗೈ, ಅಂಗಾಲು ಗುಲಾಬಿ ಬಣ್ಣಕ್ಕೆ ತಿರುಗಿ ಚರ್ಮ ಸುಲಿಯುತ್ತಿತ್ತು. ಮೈಯೆಲ್ಲ ಬೆವರು. ಬೆಳಕು ತಡೆಯಲಾಗದೆ ಮಗು ದಿಂಬಿನಲ್ಲಿ ಮುಖ ಹುದುಗಿಸುತ್ತಿತ್ತು. ಕೈಕಾಲು ಸೋತು, ನಗು ಮರೆತು, ಹಗಲು ರಾತ್ರಿ ನರಳುತ್ತಿತ್ತು. ಕೆಲವರ ಹಲ್ಲು ಉದುರುತ್ತಿತ್ತು. ಸತ್ತ ಮಕ್ಕಳೂ ಇದ್ದಾರೆ. 1914ರಲ್ಲಿ ಆಸ್ಟ್ರೇಲಿಯದ ಅಡಿಲೇಡ್‌ನ ವೈದ್ಯ ಹ್ಯಾರಿ ಸ್ವಿಫ್ಟ್ ಇಂಥ ಮಕ್ಕಳ ಬಗ್ಗೆ ವರದಿ ಮಾಡಿದರು. ಜನ ಇದನ್ನು ಗುಲಾಬಿ ಕಾಯಿಲೆ ಎಂದರು. ಸೋಂಕು ಇರಬೇಕು, ಆಹಾರದ ಕೊರತೆ ಇರಬೇಕು ಎಂದು ವೈದ್ಯರು ದಶಕಗಟ್ಟಲೆ ವಾದಿಸಿದರು.

ಉತ್ತರ ಸಿಕ್ಕಿದ್ದು 1940ರ ದಶಕದಲ್ಲಿ. ವಿಯೆನ್ನಾದಿಂದ ಅಮೆರಿಕಕ್ಕೆ ಬಂದು ಸಿನ್ಸಿನಾಟಿಯಲ್ಲಿ ಕೆಲಸ ಮಾಡುತ್ತಿದ್ದ ಮಕ್ಕಳ ವೈದ್ಯ ಜೋಸೆಫ್ ವರ್ಕನಿ ಅಂಥ ಒಂದು ಮಗುವಿನ ಮೂತ್ರವನ್ನು ಲೋಹಗಳ ಪರೀಕ್ಷೆಗೆ ಕಳಿಸಿದರು. ಪಾದರಸ ಸಿಕ್ಕಿತು. 1948ರಲ್ಲಿ ಅವರು ಮತ್ತು ಡೊನಾಲ್ಡ್ ಹಬಾರ್ಡ್ ಅದನ್ನು ಪ್ರಕಟಿಸಿದರು. ಆದರೂ ಹಲವರು ನಂಬಲಿಲ್ಲ. ಇಡೀ ಊರಿನ ಮಕ್ಕಳು ಪುಡಿ ತಿಂದಿದ್ದಾರೆ, ಕಾಯಿಲೆ ಬಂದದ್ದು ಕೆಲವರಿಗೆ ಮಾತ್ರ ಎನ್ನುವುದು ಅವರ ವಾದ. ‘ನಾವೆಲ್ಲ ಕುಡಿದೇ ಬೆಳೆದಿಲ್ಲವೇ’ ಎಂಬ ನಮ್ಮ ಹಳ್ಳಿಯ ಮಾತೂ ಇದೇ. ಕೊನೆಗೆ 1950ರ ದಶಕದ ಮಧ್ಯದಲ್ಲಿ ಬ್ರಿಟನ್ನಿನ ಕಂಪನಿಗಳು ಪುಡಿಯಿಂದ ಪಾದರಸ ತೆಗೆದವು. ಕೆಲವೇ ವರ್ಷಗಳಲ್ಲಿ ಗುಲಾಬಿ ಕಾಯಿಲೆ ಹೆಚ್ಚುಕಡಿಮೆ ಇಲ್ಲವಾಯಿತು. ಅಷ್ಟು ದಿನ ಆ ಮಕ್ಕಳ ತಾಯಂದಿರು ಪ್ರೀತಿಯಿಂದಲೇ ಚಮಚದಲ್ಲಿ ವಿಷ ಕೊಟ್ಟಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ.

ಒಂದೆರಡು ದಿನ ಮಲ ಹೋಗದಿದ್ದರೆ ಇಷ್ಟು ಗಾಬರಿ ಯಾಕೆ? ಹೊಟ್ಟೆಯಲ್ಲಿ ಉಳಿದದ್ದು ಕೊಳೆತು ರಕ್ತಕ್ಕೆ ವಿಷ ಸೇರುತ್ತದೆ ಎಂಬ ನಂಬಿಕೆ ಆಗ ದೊಡ್ಡ ದೊಡ್ಡ ವೈದ್ಯರಿಗೇ ಇತ್ತು. ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಅರ್ಬತ್‌ನಾಟ್ ಲೇನ್ ಈ ಕಾರಣಕ್ಕೆ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1922ರಲ್ಲಿ ಅಮೆರಿಕದ ಡೊನಾಲ್ಡ್‌ಸನ್ ಎಂಬ ಸಂಶೋಧಕ ಸರಳ ಪರೀಕ್ಷೆ ಮಾಡಿದರು. ಕೆಲವರ ಗುದನಾಳದಲ್ಲಿ ಬರಿ ಹತ್ತಿ ತುಂಬಿದರು. ತಲೆನೋವು, ಮಂಕು ಎಲ್ಲ ಹಾಗೇ ಬಂತು, ಹತ್ತಿ ತೆಗೆದ ಕೂಡಲೇ ಹೋಯಿತು. ಹತ್ತಿಯಿಂದ ಯಾವ ವಿಷ ಬರಬೇಕು? ಒತ್ತಡದಿಂದ ಆಗುವ ತೊಂದರೆ ಅದು. ಲೇನ್ ಕೂಡ ನಂತರದ ವರ್ಷಗಳಲ್ಲಿ ಕತ್ತಿ ಬಿಟ್ಟು ತೌಡು, ಹಣ್ಣು, ತರಕಾರಿಯ ಪ್ರಚಾರಕ್ಕೆ ಇಳಿದರು.

ಅದೇ ಕಾಲದಲ್ಲಿ ಅಮೆರಿಕ ಸರ್ಕಾರ ತಾಯಂದಿರಿಗಾಗಿ ಕೈಪಿಡಿ ಹಂಚುತ್ತಿತ್ತು. 1914ರ ಮೊದಲ ಆವೃತ್ತಿಯಲ್ಲಿ ಮೂರನೇ ತಿಂಗಳಿಗೇ ಮಗುವಿಗೆ ಶೌಚದ ತರಬೇತಿ ಶುರುಮಾಡಿ ಎಂದಿತ್ತು. ಮಲ ಬರದಿದ್ದರೆ ಸೋಪಿನ ಕಡ್ಡಿ ಇಡಿ ಎನ್ನುವ ಸಲಹೆಯೂ ಆಗಿನ ವೈದ್ಯ ಪುಸ್ತಕಗಳಲ್ಲಿ ಸಾಮಾನ್ಯ. ನಮ್ಮಲ್ಲಿ ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಹಚ್ಚಿ ಇಡುತ್ತಾರಲ್ಲ, ಅದರ ತಮ್ಮ. 1962ರಲ್ಲಿ ಬಾಸ್ಟನ್ ಬಳಿಯ ವೈದ್ಯ ಬ್ರೆಜಲ್ಟನ್ ತಾವು ನೋಡಿದ 1,170 ಮಕ್ಕಳ ವಿವರ ಇಟ್ಟು, ಮಗು ತಾನೇ ಸಿದ್ಧವಾಗುವವರೆಗೆ ಒತ್ತಾಯ ಬೇಡ ಎಂದು ಬರೆದರು.

ಬಾಗಿಲ ಹಿಂದೆ ನಿಂತ ಹುಡುಗನ ವಿಷಯ ಇಲ್ಲಿ ಅರ್ಥವಾಯಿತು. ಅವನು ಮುಕ್ಕುತ್ತಿಲ್ಲ, ತಡೆಯುತ್ತಿದ್ದಾನೆ. ಹಿಂದೊಂದು ದಿನ ಗಟ್ಟಿ ಮಲ ಹೋಗಿ ನೋವಾಗಿದೆ, ಪ್ರಾಯಶಃ ಸೀಳಿದೆ. ಆ ಭಯಕ್ಕೆ ಬಿಗಿಹಿಡಿಯುತ್ತಾನೆ. ಒಳಗಿದ್ದಷ್ಟೂ ಕರುಳು ನೀರು ಹೀರಿ ಮಲ ಇನ್ನೂ ಗಟ್ಟಿಯಾಗುತ್ತದೆ, ಮುಂದಿನ ಸಲ ನೋವು ಇನ್ನೂ ಹೆಚ್ಚು. ಕೆಲವು ಮಕ್ಕಳಲ್ಲಿ ಗಟ್ಟಿಯಾದದ್ದರ ಪಕ್ಕದಿಂದ ನೀರಿನಂತೆ ಸೋರಿ ಚಡ್ಡಿ ಕೊಳೆಯಾಗುತ್ತದೆ. ಮನೆಯವರು ಅದನ್ನು ಭೇದಿ ಎಂದುಕೊಂಡು ಮಗುವಿಗೆ ಹೊಡೆಯುತ್ತಾರೆ. ಇಂಥ ಮಗುವಿಗೆ ಕರುಳು ಹಿಂಡುವ ಎಣ್ಣೆ ಕೊಟ್ಟರೆ ನೋವಿನ ನೆನಪಿಗೆ ಮತ್ತೊಂದು ನೋವು ಸೇರುತ್ತದೆ ಅಷ್ಟೆ. ಬೇಕಾದದ್ದು ಮಲ ಮೆತ್ತಗೆ ಮಾಡುವ ಔಷಧ. ಅಂಥದ್ದರಲ್ಲಿ ಒಂದಾದ ಲ್ಯಾಕ್ಟ್ಯುಲೋಸ್ ಹಾಲಿನ ಸಕ್ಕರೆಯಿಂದ ಮಾಡುವಂಥದ್ದು, ಮಲಬದ್ಧತೆಗೆ ಬಳಕೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಅದು ಕರುಳಿನಲ್ಲೇ ಉಳಿದು ನೀರು ಹಿಡಿದಿಡುತ್ತದೆ. ಎಷ್ಟು, ಎಷ್ಟು ದಿನ ಎನ್ನುವುದು ವೈದ್ಯರೇ ಹೇಳಬೇಕು. ಭಯ ಮರೆಯಲು ಕೆಲವು ತಿಂಗಳೇ ಬೇಕಾಗಬಹುದು, ಒಂದು ಸಲ ಸರಿಯಾಯಿತೆಂದು ಬಿಟ್ಟರೆ ಮತ್ತೆ ಮೊದಲಿಗೆ ಬರುತ್ತದೆ ಎಂದು ನಮ್ಮ ವೈದ್ಯರು ಎರಡು ಸಲ ಹೇಳಿದರು.

ಊಟದ ಮಾತಿಗೆ ಬಂದರೆ, ಆ ಮನೆಯಲ್ಲಿ ಹುಡುಗನ ದಿನಚರಿ ಕೇಳಿದ್ದೆವು. ಬೆಳಗ್ಗೆ ಹಾಲು, ಟೀಗೆ ಅದ್ದಿದ ಬಿಸ್ಕತ್ತು, ಮತ್ತೆ ಹಾಲು, ಮಧ್ಯಾಹ್ನ ಬಿಳಿ ಅನ್ನ ಮೊಸರು, ಸಂಜೆ ಹತ್ತು ರೂಪಾಯಿಯ ಪ್ಯಾಕೆಟ್ಟು, ರಾತ್ರಿ ರಾಗಿ ಸರಿ. ರಾಗಿ ಒಳ್ಳೆಯದೇ. ಆದರೆ ಸರಿಗೆ ಹಿಟ್ಟನ್ನು ಬಟ್ಟೆಯಲ್ಲಿ ಸೋಸುತ್ತೇವೆ, ತೌಡಿನ ಅಂಶವೆಲ್ಲ ಬಟ್ಟೆಯಲ್ಲೇ ಉಳಿಯುತ್ತದೆ. ಏಳು ತಿಂಗಳ ಕೂಸಿಗೆ ಅದು ಸರಿ. ಎರಡು ವರ್ಷದವನಿಗೆ ದೊಡ್ಡವರ ಮುದ್ದೆ, ಸೊಪ್ಪಿನ ಸಾರು, ಬೇಳೆ ಸಾಕು. ಪರಂಗಿ ಹಣ್ಣು, ಸೀಬೆ, ನೆನೆಸಿ ಕಿವುಚಿದ ಒಣದ್ರಾಕ್ಷಿ, ಊಟದ ನಡುವೆ ನೀರು. ಹಾಲು ದಿನಕ್ಕೆ ಅರ್ಧ ಲೀಟರ್ ಮೀರಬಾರದು, ಮೀರಿದರೆ ಮಗು ಬೇರೇನೂ ತಿನ್ನುವುದಿಲ್ಲ.

ಹಳೆಯದರಲ್ಲಿ ಉಳಿಸಿಕೊಳ್ಳಬೇಕಾದದ್ದೂ ಇದೆ. ಅಜ್ಜಿ ಎರಡು ಪಾದ ಜೋಡಿಸಿ ಅದರ ಮೇಲೆ ಮಗುವನ್ನು ಕೂರಿಸಿಕೊಳ್ಳುವ ಪದ್ಧತಿ. ಮಂಡಿ ಮೇಲಕ್ಕೆ ಬರುತ್ತದೆ, ಬಿದ್ದುಹೋಗುವ ಭಯ ಇಲ್ಲ. ಈಗಿನ ವೈದ್ಯರು ಕಾಲಡಿಗೆ ಮಣೆ ಇಡಿ ಎಂದು ಹೇಳುವುದು ಇದೇ ಭಂಗಿಗಾಗಿ. ಊಟವಾದ ಅರ್ಧ ಗಂಟೆಯೊಳಗೆ ಕರುಳು ತಾನೇ ಚಲಿಸುತ್ತದೆ, ಆಗ ಐದು ನಿಮಿಷ ಕಥೆ ಹೇಳುತ್ತ ಕೂರಿಸಿದರೆ ಆಯಿತು.

ಕೆಲವು ಮಕ್ಕಳನ್ನು ಮಾತ್ರ ಮನೆಯಲ್ಲಿ ಇಟ್ಟುಕೊಂಡು ಕಾಯಬಾರದು. ಹುಟ್ಟಿದ ಎರಡು ದಿನ ಕಪ್ಪು ಮಲವೇ ಹೋಗದ ಕೂಸು, ಹೊಟ್ಟೆ ಉಬ್ಬಿದ ಮಗು, ಹಸಿರು ವಾಂತಿ, ಮಲದಲ್ಲಿ ರಕ್ತ, ತೂಕ ಏರದಿರುವುದು. 1886ರಲ್ಲಿ ಕೋಪನ್‌ಹೇಗನ್ನಿನ ವೈದ್ಯ ಹಿರ್ಷ್‌ಸ್ಪ್ರುಂಗ್ ಇಂಥ ಎರಡು ಕೂಸುಗಳ ಬಗ್ಗೆ ವರದಿ ಮಾಡಿದರು, ಎರಡೂ ಉಳಿದಿರಲಿಲ್ಲ. ಅವರ ಹೆಸರಿನ ಆ ಕಾಯಿಲೆಯಲ್ಲಿ ಕರುಳಿನ ಕೊನೆಯ ಭಾಗಕ್ಕೆ ನರಕೋಶಗಳೇ ಇರುವುದಿಲ್ಲ. ಯಾವ ಎಣ್ಣೆಗೂ ಅದು ಬಗ್ಗುವುದಿಲ್ಲ, ಶಸ್ತ್ರಚಿಕಿತ್ಸೆ ಬೇಕು. ಈಗ ಅದರಿಂದ ಮಕ್ಕಳು ಬದುಕುತ್ತಾರೆ.

ನಮ್ಮ ಹುಡುಗನಿಗೆ ಅಂಥದ್ದೇನೂ ಇರಲಿಲ್ಲ. ತಾಲ್ಲೂಕಿಗೆ ಕರೆದೊಯ್ದು ತೋರಿಸಿದರು, ಔಷಧ ನಡೆಯುತ್ತಿದೆ. ಅಜ್ಜಿ ಮೊದಲು ಸಿಟ್ಟಾಗಿದ್ದರು. ಪುಡಿಯ ಕಥೆ ಹೇಳಿದಾಗ ತುಂಬ ಹೊತ್ತು ಸುಮ್ಮನಿದ್ದು, ‘ಆ ತಾಯಂದಿರಿಗೆ ಆಮೇಲೆ ಗೊತ್ತಾಯಿತೇ?’ ಎಂದು ಕೇಳಿದರು. ಕೆಲವರಿಗೆ ಗೊತ್ತಾಗಿರಬೇಕು ಎಂದೆವು.